ಹಾಡಿನ ಡಬ್ಬದ ಅಕ್ಕ

ಅಕ್ಕನಿಗೂ ಒಂದು ಹೆಸರಿತ್ತು. ಕಾರ್ಖಾನೆಯ ಹಾಜರಿಗೂ ರೇಷನ್ ಕಾರ್ಡಿಗೂ ಬಿಟ್ಟರೆ ಅದು ಯಾರಿಗೂ ಬೇಕಾಗಿರಲಿಲ್ಲ, ಇಲ್ಲಿಯೂ ಬೇಡ. ನಮ್ಮ ಟೆಂಪೋದಲ್ಲಿ ಅಕ್ಕ ಎಂದರೆ ಅವಳೊಬ್ಬಳೇ. ಅವಳಿಗಿಂತ ಹಿರಿಯರೂ ಅಕ್ಕ ಎನ್ನುತ್ತಿದ್ದರು, ಮೊಮ್ಮಕ್ಕಳನ್ನು ಕಂಡಿದ್ದ ಡ್ರೈವರ್ ಮುನಿರಾಜಣ್ಣನೂ ಅಕ್ಕ ಎನ್ನುತ್ತಿದ್ದ. ಈ ಸಲದ ಸಂಕ್ರಾಂತಿ ಕಳೆದ ಮೇಲೆ ಅವಳು ತೀರಿಕೊಂಡಳು. ಹೋದವರನ್ನು ಹೊಗಳಿ ಬರೆಯುವುದು ನನಗೆ ಬರುವುದಿಲ್ಲ. ಅವಳು ಹೊಗಳಿಸಿಕೊಳ್ಳುವ ಹೆಂಗಸೂ ಆಗಿರಲಿಲ್ಲ. ಜೀವ ತಿನ್ನುತ್ತಿದ್ದಳು. ವಾರಕ್ಕೆ ಒಂದೇ ಒಂದು ರಜ, ಭಾನುವಾರ, ಅದನ್ನೂ ನನ್ನ ಪಾಲಿಗೆ ಬಿಟ್ಟವಳಲ್ಲ. ಈಗ ಭಾನುವಾರಗಳೆಲ್ಲ ಪೂರ್ತಿ ನನ್ನವೇ. ಏನು ಮಾಡಬೇಕೋ ತಿಳಿಯದೆ ಬಾಗಿಲ ಕಡೆ ನೋಡುತ್ತಾ ಕೂತಿರುತ್ತೇನೆ.

ನಾವಿಬ್ಬರೂ ದೊಡ್ಡಬಳ್ಳಾಪುರದ ಹೊರಗಿರುವ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದೆವು. ಅವಳು ಶರ್ಟಿಗೆ ಕಾಲರ್ ಕೂರಿಸುವ ಸಾಲಿನಲ್ಲಿ, ನಾನು ಪ್ಯಾಕಿಂಗ್‌ನಲ್ಲಿ, ಡಬ್ಬಿಗಳ ಮೇಲೆ ಅಂಟಿಸುವ ಬಾರ್‌ಕೋಡ್ ಚೀಟಿ ತೆಗೆಯುವ ಕಂಪ್ಯೂಟರಿನ ಮುಂದೆ. ಅಲ್ಲೇ ಮಧುರೆ ಹೋಬಳಿ ಕಡೆಯ ಹಳ್ಳಿಗಳಿಂದ ಹೆಂಗಸರನ್ನು ತುಂಬಿಕೊಂಡು ಬರುವ ಟೆಂಪೋ ನಮ್ಮದು. ನನ್ನ ಊರು ಮೊದಲು, ಅವಳ ಊರು ಆಮೇಲೆ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬರುವಳು, ಹಾಕಿಕೊಂಡೇ ಹೋಗುವಳು. ಸಂಜೆ ಅದನ್ನು ತೆಗೆದಿಡುವುದು ಅವಳಿಗೆ ನೆನಪಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂತರೆ ಮಾತಾಡುತ್ತಾ ಮಾತಾಡುತ್ತಾ ನಮ್ಮ ಮೈಮೇಲೆ ಅಂಟಿಕೊಂಡಿದ್ದ ದಾರದ ತುಂಡುಗಳನ್ನು ಕೀಳುತ್ತಿದ್ದಳು. ನಾವೇನಾದರೂ ಸುಳ್ಳು ಹೇಳುತ್ತಿದ್ದೇವೆ ಅನ್ನಿಸಿದರೆ ದಾರದ ಜೊತೆ ಚರ್ಮವೂ ಕಿತ್ತು ಬರಬೇಕು, ಹಾಗೆ.

ಹಾಡಿನ ಡಬ್ಬ ಅವಳದು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕೊಂಡದ್ದು. ಅಂಗೈಗಿಂತ ಕೊಂಚ ದೊಡ್ಡದು, ಮುಂದೆ ಜಾಲರಿ, ಮೇಲೆ ಗುಂಡಿಗಳು, ಕೆಂಪು ಅಂಕಿ ಮೂಡುವ ಒಂದು ಕಿಂಡಿ, ಪಕ್ಕದಲ್ಲಿ ಮೆಮೊರಿ ಕಾರ್ಡು ತೂರಿಸುವ ಸೀಳು. ಕಾಲರಿನ ಉಳಿಕೆ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದು ಡ್ರೈವರ್ ಸೀಟಿನ ಹಿಂದಿನ ಕೊಕ್ಕೆಗೆ ನೇತುಹಾಕಿದ್ದಳು. ಅದು ಬರುವುದಕ್ಕೆ ಮೊದಲು ಟೆಂಪೋದಲ್ಲಿ ಒಬ್ಬೊಬ್ಬರ ಫೋನಿನಿಂದ ಒಂದೊಂದು ಹಾಡು, ಯಾವುದೂ ಕೇಳಿಸದು, ಜಗಳವಂತೂ ಚೆನ್ನಾಗಿ ಕೇಳಿಸುತ್ತಿತ್ತು. ಒಂದು ದಿನ ಅಕ್ಕ ಎದ್ದು ನಿಂತು ಎಲ್ಲರ ಫೋನೂ ಆರಿಸಿ ಎಂದಳು. ಒಬ್ಬಳಿಗೆ ಒಂದೇ ಹಾಡು. ಹತ್ತಿದವಳು ಮೊದಲು ಡಬ್ಬದಲ್ಲಿ ಮುಂದಿನ ಹಾಡಿಗೆ ಹೋಗುವ ಗುಂಡಿ ಒತ್ತಬೇಕು, ಆಮೇಲೆ ಕೂರಬೇಕು. ಆಗ ಅವಳ ಹಾಡು ಬರಬೇಕು. ಮುಂದಿನ ಸ್ಟಾಪಿನಲ್ಲಿ ಇನ್ನೊಬ್ಬಳು ಹತ್ತಿ ಗುಂಡಿ ಒತ್ತುವವರೆಗೆ ಟೆಂಪೋ ಅವಳದು. ಇದು ಅಕ್ಕನ ಕಾನೂನು.

ಕಾನೂನು ಏನೋ ಚೆನ್ನಾಗಿತ್ತು, ನನಗೆ ಮಾತ್ರ ಮೋಸ. ನನ್ನ ಊರಿಗೂ ಮುಂದಿನ ಊರಿಗೂ ಕೂಗಳತೆ. ಪಲ್ಲವಿ ಮುಗಿಯುವಷ್ಟರಲ್ಲಿ ಆ ಊರಿನವಳು ಹತ್ತಿ ಒತ್ತಿಬಿಡುತ್ತಿದ್ದಳು. ನನ್ನ ಹಾಡಿನ ಚರಣ ಹೇಗಿದೆ ಎಂದು ನಮ್ಮ ಟೆಂಪೋದಲ್ಲಿ ಈವರೆಗೂ ಒಬ್ಬರಿಗೂ ಗೊತ್ತಿಲ್ಲ. ಈ ಅನ್ಯಾಯವನ್ನು ಅಕ್ಕನ ಹತ್ತಿರ ಹೇಳಿಕೊಂಡರೆ, ನಿಮ್ಮೂರನ್ನ ಒಂಚೂರು ಹಿಂದಕ್ಕೆ ತಳ್ಳಕ್ಕೆ ಮುನಿರಾಜಂಗೆ ಹೇಳ್ತೀನಿ ಬಿಡು ಎಂದಳು. ಒಂದೇ ಮನೆಯ ವಾರಗಿತ್ತಿಯರಿಬ್ಬರು ಒಂದೇ ಸ್ಟಾಪಿನಲ್ಲಿ ಹತ್ತುತ್ತಿದ್ದರು. ಒಬ್ಬಳದು ಭಕ್ತಿಗೀತೆ, ಇನ್ನೊಬ್ಬಳದು ಮಳೆಯಲ್ಲಿ ನೆನೆಯುವ ಹಾಡು. ದಿನ ಬಿಟ್ಟು ದಿನ ಎಂದು ತೀರ್ಪಾಯಿತು. ದೇವರ ದಿನವೂ ಮಳೆಯವಳ ಬಾಯಲ್ಲಿ ಅವಳ ಮಳೆ ಹಾಡೇ.

ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಕೆಲಸ ಬಿಟ್ಟು ಹೋದವಳ ಹಾಡನ್ನು ತೆಗೆಯುವಂತಿಲ್ಲ. ನಮ್ಮಲ್ಲಿ ಹುಡುಗಿಯರು ಬರುತ್ತಾರೆ, ಒಂದೆರಡು ವರ್ಷ ಹೊಲಿಯುತ್ತಾರೆ, ಮದುವೆಯಾಗಿ ಹೋಗುತ್ತಾರೆ. ಅವರ ಸ್ಟಾಪು ಖಾಲಿಯಾಗುತ್ತದೆ. ಆ ಜಾಗ ಬಂದಾಗ ಮುನಿರಾಜಣ್ಣ ವೇಗ ಇಳಿಸುತ್ತಿದ್ದ, ಅಕ್ಕ ಮೇಲಿನ ಕಂಬಿ ಹಿಡಿದುಕೊಂಡು ಓಲಾಡುತ್ತಾ ಎದ್ದು ಹೋಗಿ ತಾನೇ ಗುಂಡಿ ಒತ್ತಿ ಬರುತ್ತಿದ್ದಳು. ಗೀತಾ ಎಂಬ ಹುಡುಗಿಯ ಸ್ಟಾಪು ಅಕ್ಕನ ಸ್ಟಾಪಿನ ಮುಂದಿನದೇ. ಗೀತಾ ಮದುವೆಯಾಗಿ ಚಿಂತಾಮಣಿ ಕಡೆ ಹೋದ ಮೇಲೆ ಅಕ್ಕ ದಿನವೂ ತನ್ನ ಹಾಡನ್ನು ತಾನೇ ಅರ್ಧಕ್ಕೆ ನಿಲ್ಲಿಸಿ, ಇಲ್ಲದವಳ ಹಾಡು ಹಾಕಿ ಬಂದು ಕೂರುತ್ತಿದ್ದಳು. ಮಂಡಿ ನೋವಿತ್ತು ಅವಳಿಗೆ. ನಾನು ಒತ್ತುತ್ತೇನೆ ಕೂತುಕೋ ಎಂದರೆ ಕೇಳುತ್ತಿರಲಿಲ್ಲ.

ಅವಳ ಹಾಡಿನ ವಿಷಯ ಹೇಳಬೇಕು. ಹಳೆಯ ಸಿನಿಮಾ ಹಾಡು, ಯಾವುದೋ ಕಾಲದಲ್ಲಿ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡದ್ದು. ಕ್ಯಾಸೆಟ್ಟು ಹಾಳಾಗುವ ಮುಂಚೆ ಯಾರದೋ ಕೈಯಲ್ಲಿ ಅದನ್ನು ಫೈಲ್ ಮಾಡಿಸಿಕೊಂಡಿದ್ದಳು. ಎರಡನೇ ಚರಣ ಶುರುವಾಗುವಾಗ ಹಾಡುಗಾರ್ತಿಯ ದನಿಯ ಮೇಲೆ ಅಕ್ಕನ ಚಿಕ್ಕ ವಯಸ್ಸಿನ ದನಿ ಜೋರಾಗಿ ಬರುತ್ತಿತ್ತು: "ಬಾಗ್ಲಾಕ್ಲೇ, ರೆಕಾರ್ಡ್ ಆಗ್ತೈತೆ!" ಆಮೇಲೆ ಬಾಗಿಲು ಬಡಿದ ಸದ್ದು. ಆ ಜಾಗ ಬಂದಾಗ ಟೆಂಪೋದಲ್ಲಿದ್ದ ನಾವಷ್ಟೂ ಜನ ಒಟ್ಟಿಗೆ ಕೂಗುತ್ತಿದ್ದೆವು. ಅಕ್ಕ ಮುಖ ಗಂಟಿಕ್ಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು, ತುಟಿಯ ಮೂಲೆ ಮಾತ್ರ ಕೇಳುತ್ತಿರಲಿಲ್ಲ. ಯಾರಿಗೆ ಹೇಳಿದ್ದು ಅಕ್ಕ ಎಂದು ಕೇಳಿದರೆ ಒಮ್ಮೆ ನಾದಿನಿಗೆ ಎನ್ನುವಳು, ಒಮ್ಮೆ ಮೇಕೆಗೆ ಎನ್ನುವಳು.

ನನ್ನ ಗ್ರಹಚಾರಕ್ಕೆ ನಾನು ಪಿಯುಸಿ ಆದ ಮೇಲೆ ಒಂದು ಕಂಪ್ಯೂಟರ್ ಕೋರ್ಸ್ ಮಾಡಿದ್ದೆ, ಮನೆಯಲ್ಲಿ ಹಳೆಯ ಲ್ಯಾಪ್‌ಟಾಪೂ ಇತ್ತು. ಡಬ್ಬ ಬಂದ ಹೊಸದರಲ್ಲಿ ಅಕ್ಕ ಒಂದು ಭಾನುವಾರ ಎರಡು ಊರು ದಾಟಿ ನಡೆದುಕೊಂಡು ನಮ್ಮ ಮನೆಗೆ ಬಂದಳು. ಕೈಯಲ್ಲಿ ಕಾರ್ಡು, ಮಡಿಲಲ್ಲಿ ಒಂದಿಷ್ಟು ಅವರೆಕಾಯಿ. ಹಾಡುಗಳು ಹಿಂದುಮುಂದಾಗಿವೆಯಂತೆ, ಒಬ್ಬಳು ಗುಂಡಿ ಒತ್ತಿದರೆ ಇನ್ನೊಬ್ಬಳ ಹಾಡು ಬರುತ್ತದಂತೆ, ಸರಿ ಮಾಡಿಕೊಡಬೇಕಂತೆ. ಅದೇನು ಮಹಾ ಎಂದು ಹಾಡುಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಸಾಲಾಗಿ ಅಂಕಿ ಹಾಕಿಕೊಟ್ಟೆ. ಸೋಮವಾರ ಟೆಂಪೋದಲ್ಲಿ ನನ್ನ ಮಾನ ಹೋಯಿತು. ಭಕ್ತಿಗೀತೆಯವಳಿಗೆ ಕುಣಿತದ ಹಾಡು ಬಂತು, ನನಗೆ ಅಕ್ಕನದು ಬಂತು.

ಆಮೇಲೆ ಗೊತ್ತಾಯಿತು. ಆ ಅಗ್ಗದ ಡಬ್ಬಕ್ಕೆ ಹೆಸರೂ ಬೇಕಿಲ್ಲ, ಅಂಕಿಯೂ ಬೇಕಿಲ್ಲ. ಕಾರ್ಡಿಗೆ ಯಾವ ಹಾಡು ಮೊದಲು ಬಂತೋ ಅದನ್ನು ಮೊದಲು ಹಾಡುತ್ತದೆ, ಆಮೇಲೆ ಬಂದದ್ದನ್ನು ಆಮೇಲೆ. ನಡುವಿನ ಸ್ಟಾಪಿಗೆ ಒಬ್ಬಳು ಹೊಸದಾಗಿ ಸೇರಿದಳೆಂದರೆ ಎಲ್ಲ ಹಾಡುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿ, ಕಾರ್ಡನ್ನು ಖಾಲಿ ಮಾಡಿ, ಸ್ಟಾಪುಗಳ ಸಾಲಿನಲ್ಲಿ ಒಂದೊಂದಾಗಿ ಮತ್ತೆ ಏರಿಸಬೇಕು. ಇದನ್ನೆಲ್ಲ ವಿವರಿಸಿ, ಇದು ಡಬ್ಬದ ದೋಷ, ಬೇರೆ ಡಬ್ಬ ತಗೋ ಎಂದೆ. ಅಕ್ಕ ನನ್ನ ತೋಳಿನಿಂದ ಒಂದು ದಾರ ಕಿತ್ತಳು. "ಡಬ್ಬಕ್ಕೆ ಬುದ್ಧಿ ಇಲ್ಲ ಅಂತ ಗೊತ್ತಾಯ್ತಲ್ಲ. ಅದಕ್ಕೇ ನಿನ್ನ ಹತ್ರ ಬಂದಿರೋದು."

ಅಲ್ಲಿಂದ ಶುರುವಾಯಿತು ನನ್ನ ಭಾನುವಾರಗಳ ಶನಿಕಾಟ. ಯಾರಾದರೂ ಸೇರಿದರೆ ಅಕ್ಕ ಹಾಜರ್. ನಾನು ಏರಿಸುತ್ತಾ ಹೋಗಬೇಕು, ಅವಳು ಪಕ್ಕದಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಾ ಹೇಳುತ್ತಾ ಹೋಗಬೇಕು. ಹಾಡಿನ ಹೆಸರು ಹೇಳುತ್ತಿರಲಿಲ್ಲ. ಆಲದಮರದೋಳು, ನೀನು, ಡೈರಿ ಮುಂದಿನೋಳು, ನಾನು, ಗೀತಾ. ಒಂದು ಸಲ ದೊಡ್ಡ ಕಾರ್ಡು ಅಗ್ಗಕ್ಕೆ ಸಿಕ್ಕಿತೆಂದು ತಂದಳು. ಹಾಡುಗಳೆಲ್ಲ ಹಿಡಿಸಿದಂತೆ ಕಂಡಿತು, ಹಾಡಿಸಿದರೆ ಅರ್ಧದ ಮೇಲೆ ಬರೀ ಗೊರಗೊರ. ಕಾರ್ಡಿನ ಮೇಲೆ ಅಚ್ಚಾಗಿದ್ದ ಅಳತೆ ಸುಳ್ಳು, ಒಳಗೆ ಅಷ್ಟು ಜಾಗವೇ ಇರಲಿಲ್ಲ. ಮೇಲೆ ಬರ್ದಿರೋದೇ ಒಂದು ಒಳಗಿರೋದೇ ಒಂದು, ನಮ್ಮ ಸೂಪರ್‌ವೈಸರ್ ಇದ್ದಂಗೆ ಎಂದು ಅಕ್ಕ ಅದನ್ನು ನಮ್ಮ ಕಸದ ಬುಟ್ಟಿಗೆ ಎಸೆದಳು. ಅಮ್ಮ ನಗುತ್ತಾ ಒಳಗಿನಿಂದ ಕಾಫಿ ತಂದಳು. ಅಕ್ಕ ಬಂದ ದಿನ ನಮ್ಮ ಮನೆಯಲ್ಲಿ ಅವರೆಕಾಳಿನ ಸಾರು. ಅವಳು ಉಂಡು ಹೊರಡುವ ಹೊತ್ತಿಗೆ ನನ್ನ ರಜ ಮುಗಿದಿರುತ್ತಿತ್ತು. ಬೈದುಕೊಳ್ಳುತ್ತಿದ್ದೆ. ಎಷ್ಟು ಬೈದುಕೊಂಡೆನಲ್ಲ.

ಗೀತಾ ತವರಿಗೆ ವಾಪಸ್ ಬಂದಿದ್ದಾಳೆಂದು ಸುದ್ದಿ ಬಂತು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಯಾಕೆ, ಏನು ಎಂದು ಟೆಂಪೋದಲ್ಲಿ ಗುಸುಗುಸು ಶುರುವಾದಾಗ ಅಕ್ಕ, ಸೋಮವಾರದಿಂದ ಕೆಲಸಕ್ಕೆ ಬರುತ್ತಾಳಂತೆ, ಅಷ್ಟು ಸಾಕು ಎಂದು ಬಾಯಿ ಮುಚ್ಚಿಸಿದಳು. ಅದೇ ಶನಿವಾರ ಸಂಜೆ ಡಬ್ಬ ಕೆಟ್ಟು ಕೂತಿತು. ಗುಂಡಿ ಒತ್ತಿದರೆ ಕೆಂಪು ಕಿಂಡಿಯಲ್ಲಿ ಬರೀ ಗೀಟುಗಳು. ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ಅಕ್ಕ ಕಾರ್ಡು ಹಿಡಿದು ಜಗಲಿಯಲ್ಲಿದ್ದಳು.

ಕಾರ್ಡನ್ನು ಬಟ್ಟೆಯಿಂದ ಒರೆಸಿ, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಲ್ಯಾಪ್‌ಟಾಪಿಗೆ ಹಾಕಿದೆ. ಇದನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳಿತು. ಹೌದು ಎನ್ನುವುದಕ್ಕೆ ಬೆರಳು ಹೋಗಿತ್ತು. ಅಕ್ಕ ಮಣಿಕಟ್ಟು ಹಿಡಿದುಕೊಂಡು, ಏನು ಕೇಳ್ತೈತೆ ಅದು ಎಂದಳು. ಎಲ್ಲ ಅಳಿಸಿ ಹೊಸದಾಗಿ ಮಾಡಲಾ ಅಂತ ಎಂದೆ. ಗೋಡೆಗೆ ತೇವ ಬಂದರೆ ಮನೆ ಕೆಡವುತ್ತೀಯಾ ಎಂದು ಕೈ ಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಪ್ರತಿ ಸಲ ಕೆಲಸ ಮುಗಿದ ಮೇಲೆ ಹಾಡುಗಳನ್ನು ತೆಗೆದುಬಿಡುತ್ತಿದ್ದೆ, ಹಾಗಾಗಿ ಇದ್ದದ್ದೆಲ್ಲ ಆ ಉಗುರಿನಷ್ಟು ಕಾರ್ಡಿನಲ್ಲೇ. ಕಳೆದ ಫೈಲು ಹುಡುಕಿ ಕೊಡುವ ಒಂದು ಪ್ರೋಗ್ರಾಂ ಇಳಿಸಿಕೊಂಡೆ. ಅದು ಗಂಟೆಗಟ್ಟಲೆ ಕೆದಕಿ ಹಾಡುಗಳನ್ನು ಕೊಟ್ಟಿತು, ಹೆಸರುಗಳನ್ನು ಕೊಡಲಿಲ್ಲ. ಒಂದೊಂದಾಗಿ ಹಾಕಿ ಕೇಳಿ, ಇದು ಇವಳದು ಇದು ಅವಳದು ಎಂದು ಇಬ್ಬರೂ ಜಗಳವಾಡಿಕೊಂಡು ಜೋಡಿಸಿದೆವು. ವಾರಗಿತ್ತಿಯರ ಹಾಡುಗಳನ್ನು ಅಕ್ಕ ಅದಲುಬದಲು ಮಾಡಿಸಿದಳು. ಅದು ಗೊತ್ತಾದದ್ದು ಮರುದಿನ, ಭಕ್ತೆಯ ಮುಖ ನೋಡಿದ ಮೇಲೆ. ಉಳಿದೆಲ್ಲವೂ ಬಂದವು. ಗೀತಾಳದು ಮಾತ್ರ ನಾಲ್ಕು ಮಾತು ಹಾಡಿ ನಿಂತುಹೋಗುತ್ತಿತ್ತು.

ಇಂಟರ್‌ನೆಟ್‌ನಲ್ಲಿ ಹುಡುಕಿ ಅದೇ ಹಾಡನ್ನು ಇಳಿಸಿದೆ. ಹಾಡು ಅದೇ, ಆದರೆ ಯಾರೋ ಅದಕ್ಕೆ ಡೋಲು ಗೀಲು ಸೇರಿಸಿ ಓಡಿಸಿದ್ದರು. ಅಕ್ಕ ಎರಡು ಸಾಲು ಕೇಳಿ, ಇದು ಅವಳ್ದಲ್ಲ ಎಂದಳು. ಯಾರಿಗೆ ಗೊತ್ತಾಗುತ್ತೆ ಅಕ್ಕ, ಸೊಂಟ ಬಿದ್ದುಹೋಯ್ತು ನಂದು ಎಂದು ನಾನು ರೇಗಿದೆ. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡು ಗೀತಾಳ ತವರಿಗೆ ಹೋದಳು. ಸಂಜೆ ಗೀತಾಳ ತಮ್ಮನ ಫೋನಿನಿಂದ ಅದೇ ಹಳೆಯ ಹಾಡು ನನ್ನ ಫೋನಿಗೆ ಬಂತು. ಯಾಕೆ ಬೇಕೆಂದು ಅಕ್ಕ ಆ ಮನೆಯಲ್ಲಿ ಹೇಳಿರಲಿಲ್ಲ.

ಸೋಮವಾರ ಗೀತಾ ಊಟದ ಚೀಲವನ್ನು ಎದೆಗೆ ಅವಚಿಕೊಂಡು ಸ್ಟಾಪಿನಲ್ಲಿ ನಿಂತಿದ್ದಳು. ಹತ್ತಿದಳು. ಯಾರ ಮುಖವನ್ನೂ ನೋಡದೆ ಹಿಂದಿನ ಸೀಟಿಗೆ ಹೋಗುತ್ತಿದ್ದವಳಿಗೆ ಅಕ್ಕ ಕೂತಲ್ಲಿಂದಲೇ, "ಒತ್ತಿ ಹೋಗಮ್ಮಣ್ಣಿ" ಎಂದಳು. ಒತ್ತಿದಳು. ತನ್ನ ಹಾಡು ಬಂದಾಗ ಅವಳು ಕಂಬಿ ಹಿಡಿದು ನಿಂತೇಬಿಟ್ಟಳು, ಕೂರಲಿಲ್ಲ. ಆಮೇಲೆ ಅಕ್ಕ ಸರಿದು ಜಾಗ ಬಿಟ್ಟಳು, ಅವಳ ಸೆರಗಿನಿಂದ ದಾರ ಕೀಳತೊಡಗಿದಳು. ಹೊಸ ಸೀರೆ ಅದು, ದಾರ ಎಲ್ಲಿತ್ತೋ ದೇವರೇ ಬಲ್ಲ.

ಅಷ್ಟು ಹಟ ಯಾಕೆ ಎಂದು ಆ ವಾರ ನಾನು ಕೇಳಿದೆ. ಹೇಳಲಾರಳು ಅಂದುಕೊಂಡಿದ್ದೆ, ಹೇಳಿದಳು. ಮದುವೆಯಾದ ಹೊಸದರಲ್ಲಿ ಅವಳೂ ಒಂದು ಸಲ ಇನ್ನು ಹೋಗುವುದೇ ಇಲ್ಲವೆಂದು ತವರಿಗೆ ಬಂದಿದ್ದಳಂತೆ. ಯಾರೂ ಬಯ್ಯಲಿಲ್ಲ, ಹೊರಡು ಎನ್ನಲಿಲ್ಲ. ಆದರೆ ಅವಳು ಮಲಗುತ್ತಿದ್ದ ಮೂಲೆಯಲ್ಲಿ ರಾಗಿ ಮೂಟೆ ಇತ್ತು. ಅವಳ ತಟ್ಟೆಯಲ್ಲಿ ಅತ್ತಿಗೆ ಉಣ್ಣುತ್ತಿದ್ದಳು. "ತಪ್ಪು ಅವಳ್ದಲ್ಲ ಕಣೇ, ತಟ್ಟೆ ಅಂದ್ಮೇಲೆ ಯಾರಾದ್ರೂ ಉಣ್ಬೇಕು. ನನಗೆ ಬೇರೆ ತಟ್ಟೆ ಕೊಟ್ರು. ನೆಂಟ್ರಿಗೆ ಕೊಡೋದು." ಮೂರನೇ ದಿನ ಅವಳೇ ಹೊರಟು ಗಂಡನ ಮನೆ ಸೇರಿದಳಂತೆ. ಆಮೇಲೆ ಬದುಕು ಹೇಗಾಯಿತು ಎಂದು ಕೇಳಿದ್ದಕ್ಕೆ, ಬಾಳಿದೆ, ಅಷ್ಟೇ ಎಂದಳು.

ಹೋದ ವರ್ಷ ದೀಪಾವಳಿಯ ಮೇಲೆ ಅಕ್ಕ ಸೊರಗತೊಡಗಿದಳು. ಗ್ಯಾಸ್ಟ್ರಿಕ್ ಎಂದಳು. ರಜ ಹಾಕಿ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು, ಬಂದು ಮತ್ತೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದಳು. ಆ ಸಲ ಅವರೆಕಾಯಿ ಬಂತು, ಅಕ್ಕ ಬರಲಿಲ್ಲ. ಯಾರೂ ಹೊಸದಾಗಿ ಸೇರಿರಲಿಲ್ಲ, ಅದಕ್ಕೇ ಬಂದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಒಂದು ಭಾನುವಾರ ಮಧ್ಯಾಹ್ನ ಬಂದಳು, ನಡೆದುಕೊಂಡಲ್ಲ, ಯಾರದೋ ಸ್ಕೂಟರಿನ ಹಿಂದೆ ಕೂತು. ಕುತ್ತಿಗೆಯಲ್ಲಿ ಟೇಪು ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಕಾರ್ಡು ಕೊಟ್ಟು, ನಂದು ತೆಗೆದ್ಬಿಡು ಎಂದಳು.

ಏನು ತೆಗೀಲಿ ಎಂದೆ, ಅರ್ಥವಾಗಿದ್ದರೂ. ಹಾಡು ಎಂದಳು. ಯಾರದೂ ತೆಗೀಬಾರದು ಅಂತ ಕಾನೂನು ಮಾಡಿದವಳು ನೀನೇ ಅಲ್ಲವಾ ಎಂದು ನಾನು ದನಿ ಏರಿಸಿದೆ. ಅಳು ಬರುವ ಮುಂಚೆ ನನಗೆ ಯಾವಾಗಲೂ ಸಿಟ್ಟು ಬರುತ್ತದೆ.

"ಯಾಕೆ ಮಾಡ್ದೆ ಹೇಳು? ವಾಪಸ್ ಬರ್ತಾರೆ ಅಂತ. ನಾನು ಬರಲ್ಲ ಕಣೇ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಬರ್ದೇ ಇರೋಳು ಜಾಗ ಹಿಡ್ಕೊಂಡು ಕೂತ್ರೆ, ನಾಳೆ ನಮ್ಮ ಸ್ಟಾಪಲ್ಲಿ ಹತ್ತೋಳು ಏನು ಒತ್ತಬೇಕು?"

ತೆಗೆದೆ. ನಿನ್ನ ಕಂಪ್ಯೂಟ್ರಲ್ಲಿ ಇಟ್ಕೊಂಡಿರೋದೂ ತೆಗಿ ಎಂದಳು. ಗೀತಾಳ ಹಾಡಿನ ಗಲಾಟೆ ಆದಾಗಿನಿಂದ ನಾನು ಹೇಗೋ ಜಾಗ ಮಾಡಿಕೊಂಡು ಎಲ್ಲದರದೂ ಒಂದು ಪ್ರತಿ ಇಟ್ಟುಕೊಂಡಿದ್ದೇನೆಂದು ಅವಳಿಗೆ ಗೊತ್ತಿತ್ತು. ಇಷ್ಟು ಭಾನುವಾರ ಪಕ್ಕದಲ್ಲಿ ಕೂತಿದ್ದಳಲ್ಲ. ಅದನ್ನೂ ತೆಗೆದೆ. ಮುಗೀತಾ ಎಂದಳು. ಮುಗೀತು ಎಂದೆ. ಇಷ್ಟೇನಾ ಎಂದು ತೆರೆಯನ್ನು ಸ್ವಲ್ಪ ಹೊತ್ತು ನೋಡಿದಳು. ಅಮ್ಮ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಹೋದಳು. ಟೆಂಪೋಗೆ ಆಮೇಲೆ ಅವಳು ಬರಲಿಲ್ಲ.

ಅವಳು ತೀರಿಕೊಂಡ ಮೇಲೆ, ಅವಳ ಸ್ಟಾಪು ಬಂದಾಗ ಮುನಿರಾಜಣ್ಣ ವೇಗ ಇಳಿಸುತ್ತಿದ್ದ. ಯಾರೋ ಎದ್ದು ಗುಂಡಿ ಒತ್ತಿದರೆ ನೇರ ಗೀತಾಳ ಹಾಡು. ಎಲ್ಲರೂ ನನ್ನ ಮೇಲೆ ಬಿದ್ದರು, ಅವಳು ಹೇಳಿದಳು ಅಂತ ನೀನು ತೆಗೆದುಬಿಡೋದಾ ಎಂದು. ಆಗ ನಾನು ಬಾಯಿ ತಪ್ಪಿ ಒಂದು ಮಾತು ಹೇಳಿಬಿಟ್ಟೆ. ಅಳಿಸಿದ ಹಾಡು ಎಲ್ಲಿಗೂ ಹೋಗಿರುವುದಿಲ್ಲ. ಹೆಸರು ಹೊಡೆದುಹಾಕಿ, ಈ ಜಾಗ ಖಾಲಿ ಎಂದು ಕಾರ್ಡು ತನ್ನಲ್ಲಿ ಗುರುತು ಹಾಕಿಕೊಂಡಿರುತ್ತದೆ, ಅಷ್ಟೇ. ಮೇಲೆ ಇನ್ನೊಂದನ್ನು ಬರೆಯುವವರೆಗೂ ಹಾಡು ಅಲ್ಲೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ದಿನವೂ ಏನಾದರೂ ಬರೆಯುತ್ತಲೇ ಇರುತ್ತೇವೆ, ಅಲ್ಲಿ ಅದು ಉಳಿದಿರಲಾರದು. ಕಾರ್ಡಿಗೆ ಮಾತ್ರ ಆಮೇಲೆ ಏನೂ ಏರಿಸಿರಲಿಲ್ಲ.

ಗೀತಾ ಹೇಳಿದಳು, "ನನ್ನ ಜಾಗ ಅವಳು ಇಟ್ಕೊಂಡಿದ್ಲು. ಅವಳ್ದು ನಾವು ಇಟ್ಕೊಬಾರ್ದಾ?"

ಆ ಭಾನುವಾರ ಬಾಗಿಲು ಹಾಕಿಕೊಂಡು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಅದೇ ಹುಡುಕುವ ಪ್ರೋಗ್ರಾಂ ತೆರೆದೆ. ಸಿಕ್ಕಿತು. ಈ ಸಲ ಹೆಸರೂ ಇತ್ತು, ಮೊದಲ ಅಕ್ಷರ ಮಾತ್ರ ಮಾಯವಾಗಿ ಆ ಜಾಗದಲ್ಲಿ ಒಂದು ಅಡ್ಡಗೀಟು. ಒಂದು ಸಲ ಒತ್ತಿದ್ದರೆ ಹಾಡು ವಾಪಸ್ ಬರುತ್ತಿತ್ತು, ಬಾಗಿಲು ಬಡಿದದ್ದೂ ಬರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟುಕೊಳ್ಳೋಣ, ಯಾರಿಗೂ ಹೇಳುವುದು ಬೇಡ ಎಂದೂ ಅಂದುಕೊಂಡೆ. ಇಟ್ಟುಕೊಂಡರೆ ಮರುದಿನವೇ ಟೆಂಪೋಗೆ ಹಾಕುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಒತ್ತಲೂ ಇಲ್ಲ, ಮುಚ್ಚಲೂ ಇಲ್ಲ. ಅಮ್ಮ ಊಟಕ್ಕೆ ಕರೆದಾಗ ಕಾರ್ಡನ್ನು ಹಾಗೇ ತೆಗೆದಿಟ್ಟೆ.

ಸ್ವಲ್ಪ ದಿನಕ್ಕೆ ಅಕ್ಕನ ಊರಿನಿಂದ ಪವಿತ್ರ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಕಾಲೇಜು ಬಿಟ್ಟು ಬಂದವಳು, ಮೊದಲ ದಿನ ಸೂಜಿಗೆ ಬೆರಳು ಕೊಟ್ಟುಕೊಂಡಳು. ಅಕ್ಕ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಹತ್ತುತ್ತಿದ್ದಳು. ಎಲ್ಲರೂ ಗುಂಡಿ ಒತ್ತುವುದನ್ನು ನೋಡಿ ಕಾನೂನು ಏನೆಂದು ಕೇಳಿ ತಿಳಿದುಕೊಂಡಳು, ಹಾಡನ್ನೂ ನನ್ನ ಫೋನಿಗೆ ಕಳಿಸಿದಳು. ಕಾರ್ಡಿನಲ್ಲಿ ನಡುವೆ ಒಂದು ಜಾಗ ಖಾಲಿ ಬಿದ್ದಿದ್ದರೆ ಮುಂದೆ ಬರುವ ಹಾಡು ಸಾಮಾನ್ಯವಾಗಿ ಅಲ್ಲೇ, ಅಂದರೆ ಅಕ್ಕನ ಹಾಡಿನ ಮೇಲೇ, ಹೋಗಿ ಕೂರುತ್ತದೆ. ಎಲ್ಲ ಅಳಿಸಿ ಮತ್ತೆ ಜೋಡಿಸುವ ರಗಳೆಯೂ ಇಲ್ಲ, ಒಂದು ನಿಮಿಷದ ಕೆಲಸ. ಆ ಒಂದು ನಿಮಿಷವನ್ನು ನಾನು ವಾರಗಟ್ಟಲೆ ಮುಂದೂಡಿದೆ. ತಾಳು, ಈ ವಾರ ಆಗಲಿಲ್ಲ, ಮುಂದಿನ ವಾರ. ಅವಳು ದಿನವೂ ಹತ್ತಿ, ಡಬ್ಬದ ಮುಂದೆ ಒಂದು ಗಳಿಗೆ ನಿಂತು, ಇನ್ನೊಬ್ಬಳ ಹಾಡು ನಡೆಯುತ್ತಿರುವಾಗಲೇ ಹೋಗಿ ಕೂರುತ್ತಿದ್ದಳು. ನೆಂಟರ ತಟ್ಟೆಯಲ್ಲಿ ಅವಳಿಗೆ ನಾನೇ ಬಡಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಪಕ್ಕದಲ್ಲಿ ಬಂದು ಕೂತು, ಮೆಲ್ಲಗೆ, "ನಂದು ಯಾವಾಗ ಹಾಕ್ತೀರಾ ಅಕ್ಕಾ?" ಎಂದಳು.

ಆ ಟೆಂಪೋದಲ್ಲಿ ನನ್ನನ್ನು ಹಾಗೆ ಕರೆದವರಿರಲಿಲ್ಲ. ನಾನು ಕಂಪ್ಯೂಟರು, ಪ್ಯಾಕಿಂಗು, ಬಾಯಿಬಡುಕಿ. ಸಂಜೆ ಮನೆಗೆ ಹೋದವಳು ಮುಖ ತೊಳೆಯುವ ಮುಂಚೆ ಕಾರ್ಡು ಹಾಕಿ ಅವಳ ಹಾಡನ್ನು ಏರಿಸಿದೆ. ಹುಡುಕುವ ಪ್ರೋಗ್ರಾಂ ತೆರೆದು ನೋಡಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ಕೂತು ಚೆನ್ನಾಗಿ ಅತ್ತೆ. ಅಮ್ಮನೂ ಅತ್ತಳು.

ಮರುದಿನ ಮುನಿರಾಜಣ್ಣ ಆ ಸ್ಟಾಪಿನಲ್ಲಿ ನಿಲ್ಲಿಸಿದ. ಪವಿತ್ರ ಹತ್ತಿದಳು. ಒತ್ತು ಎಂದೆ. ಅವಳು ನನ್ನ ಮುಖ ನೋಡಿದಳು, ಡಬ್ಬ ನೋಡಿದಳು, ಒತ್ತಿದಳು. ಡಬ್ಬ ಹರಿದುಹೋಗುವಂಥ ಕುಣಿತದ ಹಾಡು, ಮಾತು ಒಂದೂ ತಿಳಿಯುತ್ತಿರಲಿಲ್ಲ. ಅವಳು ಸೀಟಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಭಕ್ತಿಗೀತೆಯವಳು ಕಣ್ಣೊರೆಸಿಕೊಳ್ಳುತ್ತಾ ಕಿಟಕಿ ಕಡೆ ತಿರುಗಿದಳು.

ಮುಂದಿನ ಸ್ಟಾಪಿನಲ್ಲಿ ಗೀತಾ ಹತ್ತಿದಳು. ಅಭ್ಯಾಸದಂತೆ ಗುಂಡಿಯ ಮೇಲೆ ಬೆರಳಿಟ್ಟವಳು ಹಾಡು ಕೇಳಿಸಿಕೊಂಡು, ತಿರುಗಿ ಆ ಹುಡುಗಿಯನ್ನು ನೋಡಿದಳು. ಆಮೇಲೆ ಬೆರಳು ತೆಗೆದು, ಒತ್ತದೆ, ಅವಳ ಪಕ್ಕದಲ್ಲಿ ಹೋಗಿ ಕೂತಳು. ಹಾಡು ಒಂದಿಷ್ಟೂ ಚೆನ್ನಾಗಿರಲಿಲ್ಲ. ನಾವೆಲ್ಲ ಕೊನೆಯವರೆಗೂ ಕೇಳಿದೆವು.